ಹಿತ್ತಲ ಇಲ್ಲದ ಮನಿ

ಹೋದ ತಿಂಗಳ ಗಂಜಿನೊಳಗ (ಕಾಳಿನ ಮಾರ್ಕೆಟಿನಾಗ) ತೊಗರಿ ಅಡತಿ ಮಾಡೋ ಸಾವಕಾರ್ರೊಬ್ಬರು ನಮ್ಮ ಆಫೀಸಿಗಿ ಬಂದಿದ್ರು. ಆಫೀಸ್ ಅಂದ್ರ ಭಾಳ ದೊಡ್ಡದೇನಲ್ಲ, ಒಂದು ಖೋಲಿ, ಒಂದು ಕಂಪ್ಯೂಟರ್, ಗುರ್ ಅನ್ನೋ ಒಂದು ಕೂಲರ್ ಅಷ್ಟೇ, ಕಲಬುರಗಿ ಮೇ ತಿಂಗಳದಾಗ 43 ಡಿಗ್ರಿ ಇದ್ದಾಗ ಆ ಕೂಲರ್ ಮುಂದ ಕೂತ್ಕೊಂಡೇ ಜನ ಮನಿ ಕನಸು ಹೇಳ್ತಾರ. ಸಾವಕಾರ್ರು ಕೂತ್ರು, ನೀರ್ ಕುಡದ್ರು, ಮೊಬೈಲ್ ತಗದು ಟೇಬಲ್ ಮ್ಯಾಲ ನನ್ ಕಡಿ ದೂಡಿದ್ರು. "ಇಂಜಿನಿಯರ್ ಸಾಬ್ರ, ನಂಗ ಇದೇ ಬೇಕ್ರಿ. ಇಟಾಲಿಯನ್ ವಿಲ್ಲಾ."

ನೋಡಿದ್ರ ಹಸರು ಗುಡ್ಡದ ಮ್ಯಾಲ ಒಂದು ಮನಿ, ಅಗಲವಾದ ಮೆಟ್ಟಿಲ, ಆರು ಕಂಬ, ಕಂಬದ ಮ್ಯಾಲ ಗುಡಿ ಗೋಪುರದಂಗ ಮುಮ್ಮೂಲಿ ಹಣಿ, ಅದರ ಮ್ಯಾಲ ನಿಂತ ಮೂರ್ತಿಗಳು, ನಡಬರಕ ಗುಮ್ಮಟ. ಇವರ ಪ್ಲಾಟ್ ಸೇಡಂ ರೋಡ್ ಕಡಿ ಹೊಸಾ ಲೇಔಟಿನೊಳಗ, 40-60. ನಾ ನಕ್ಕಿಲ್ಲ, ಯಾಕಂದ್ರ ಗಿರಾಕಿ ಮುಂದ ನಗಬಾರದು, ಆದ್ರ ಆ ಫೋಟೋ ನೋಡಿದ ಕೂಡ್ಲೇ ಗುರ್ತ ಸಿಕ್ತು. ಡಿಪ್ಲೊಮಾ ಓದುವಾಗ ನಮ್ಮ ಡ್ರಾಯಿಂಗ್ ಸರ್ ಒಂದಿನ ಬೋರ್ಡ್ ಮ್ಯಾಲ ಒಂದು ಚೌಕ, ಅದರೊಳಗ ಒಂದು ದುಂಡು, ನಾಕೂ ಕಡಿ ನಾಕು ಜಗಲಿ ಬರದು, "ಇದರಾಗ ಮುಂಭಾಗ ಯಾವ್ದು ಹೇಳ್ರಿ" ಅಂದಿದ್ರು. ಯಾರಿಗೂ ಹೇಳ್ಲಾಕ ಬರ್ಲಿಲ್ಲ. ಯಾಕಂದ್ರ ಹಿಂಭಾಗನೇ ಇಲ್ಲ ಅದಕ್ಕ.

ಅದು ವಿಲ್ಲಾ ರೊಟೊಂಡ. ಪೂರ್ತಿ ಹೆಸರು ವಿಲ್ಲಾ ಅಲ್ಮೆರಿಕೊ ಕಾಪ್ರಾ. ಉತ್ತರ ಇಟಲಿಯ ವಿಚೆಂಜಾ ಅನ್ನೋ ಊರಿನ ಹೊರಗ ಅದ. ಕಟ್ಟಿಸಿದಾವ ಪಾವೊಲೊ ಅಲ್ಮೆರಿಕೊ, ರೋಮಿನೊಳಗ ಪೋಪರ ದರ್ಬಾರಿನಾಗ ನೌಕರಿ ಮಾಡಿ ಮುಗಿಸಿ ಊರಿಗಿ ತಿರುಗಿ ಬಂದ ಪಾದ್ರಿ, ರೊಕ್ಕ ಇತ್ತು, ಊರೊಳಗಿನ ಸ್ವಂತ ಬಂಗ್ಲೆ ಮಾರಿ ಈ ಗುಡ್ಡದ ಮ್ಯಾಲ ಬಂದು ಕೂತ. ನಮ್ಮ ಕಡಿ ರಿಟೈರ್ ಆದವ್ರು ಊರ ಹೊರಗ ತೋಟ ತಗೊಂಡು ಫಾರ್ಮ್‌ಹೌಸ್ ಕಟ್ತಾರಲ್ಲ, ಅದೇ ಹುಚ್ಚು, 1566-67ರ ಹೊತ್ತಿನಾಗ. ಪಾದ್ರಿ 1589ಕ್ಕ ತೀರಿಕೊಂಡ. ಪಾದ್ರಿಗಿ ಮಗನೂ ಇದ್ದ (ಅದರ ಬಗ್ಗೆ ನಾ ಏನೂ ಹೇಳಂಗಿಲ್ಲ), ಆ ಮಗ ಎರಡೇ ವರ್ಷದಾಗ ಅಂದ್ರ 1591ಕ್ಕ ಕಾಪ್ರಾ ಅನ್ನೋ ಮನೆತನದ ಅಣ್ಣ ತಮ್ಮಂದಿರಿಗಿ ಮನಿ ಮಾರಿಬಿಟ್ಟ. ಅಪ್ಪ ಆಸಿ ಪಟ್ಟು ಕಟ್ಟಿಸಿದ್ದು, ಮಗ ರೇಟ್ ಬಂದ ಕೂಡ್ಲೇ ಕೊಟ್ಟಿದ್ದು, ಇದು ಎಲ್ಲಾ ಊರಾಗೂ ಒಂದೇ ನಡೀತದ ನೋಡ್ರಿ.

ಪ್ಲಾನ್ ಹಾಕಿದಾವ ಆಂದ್ರೆಯಾ ಪಲ್ಲಾಡಿಯೊ. ನಂಗ ಇವನ ಮ್ಯಾಲ ಮೊದಲಿಂದ ಪ್ರೀತಿ. 1508ಕ್ಕ ಪಾದುವಾದೊಳಗ ಹುಟ್ಟಿದಾವ, ಅಪ್ಪ ಹಿಟ್ಟಿನ ಗಿರಣಿಯಾವ, ಹುಡುಗನ್ನ ಕಲ್ಲು ಕೆತ್ತೋ ಕೆಲಸಕ್ಕ ಹಚ್ಚಿದ್ರು. ಅಂದ್ರ ನಮ್ಮ ಭಾಷಾದಾಗ ಗೌಂಡಿ. ಜಾನ್ ಜೋರ್ಜೊ ಟ್ರಿಸ್ಸಿನೊ ಅನ್ನೋ ಓದಿಕೊಂಡ ಶ್ರೀಮಂತ ಒಬ್ಬನ ಕಣ್ಣಿಗಿ ಬಿದ್ದ, ಆತ ಇವನ್ನ ರೋಮಿಗಿ ಕರಕೊಂಡು ಹೋಗಿ ಹಳೇ ಖಂಡರ್ ಎಲ್ಲಾ ತೋರಿಸಿದ, ಪಲ್ಲಾಡಿಯೊ ಅನ್ನೋ ಹೆಸರೂ ಆತನೇ ಇಟ್ಟಿದ್ದು. ಡಿಗ್ರಿ ಇಲ್ಲ, ಲೈಸೆನ್ಸ್ ಇಲ್ಲ. ಕೈಯಾಗ ಟೇಪ್ ಹಿಡ್ಕೊಂಡು ಹಳೇ ಗುಡಿಗಳ ಅಳತಿ ತಗೊಂಡು ತಗೊಂಡು ಕಲ್ತಾವ (ಟೇಪ್ ಇರ್ಲಿಲ್ಲ, ಹಗ್ಗ ಇದ್ದಿರ್ಬೇಕು). 1570ಕ್ಕ ನಾಕು ಭಾಗದ ಒಂದು ಪುಸ್ತಕ ಅಚ್ಚು ಹಾಕಿಸಿದ, ತಾ ಕಟ್ಟಿದ ಮನಿಗಳ ಪ್ಲಾನ್ ಎಲ್ಲಾ ಅಳತಿ ಸಮೇತ ಅದರೊಳಗ ಅವ. ಇವತ್ತಿಗೂ ನೆಟ್‌ನಾಗ ಸ್ಕ್ಯಾನ್ ಸಿಗ್ತದ. ಆ ರಾತ್ರಿ ಅದನ್ನ ತಗದು ಕೂತಾವ ಎರಡು ಗಂಟೆ ತನಕ ಎದ್ದಿಲ್ಲ, ಮನಿಯಾಕಿ ಎರಡು ಸರ್ತಿ ಬಂದು ಬೈದು ಹೋದ್ಲು.

ಕುತೂಹಲಕ್ಕ ಅದರ ಪ್ಲಾನ್ ನಾ ಕಂಪ್ಯೂಟರ್‌ನಾಗ ಬರದು ಸಾವಕಾರ್ರ 40-60 ಪ್ಲಾಟಿನ ಮ್ಯಾಲ ಇಟ್ಟು ನೋಡಿದೆ. ನಡುವಿನ ದುಂಡು ಹಾಲ್ ಒಂದೇ 30 ಅಡಿ, ಅದೂ ವಿಚೆಂಜಾದ ಅಡಿ, ಅದು ಒಂದಕ್ಕ ಸುಮಾರು 35 ಸೆಂಟಿಮೀಟರ್ ಆಗ್ತದ, ಅಂದ್ರ ನಮ್ಮ ಲೆಕ್ಕದಾಗ 35 ಅಡಿ ಸನಿ. ಸೆಟ್‌ಬ್ಯಾಕ್ (ಸುತ್ತ ಖಾಲಿ ಬಿಡೋ ಜಾಗಾ) ಬಿಟ್ಟ ಮ್ಯಾಲ ಸಾವಕಾರ್ರ ಪ್ಲಾಟಿನ ಅಗಲದಾಗ ಹಾಲ್ ಸುದ್ದಾ ಹಿಡಿಯಂಗಿಲ್ಲ. ಖೋಲಿ, ಕಂಬ, ಮೆಟ್ಟಿಲ ಎಲ್ಲಾ ಬಾಜೂದವ್ರ ಪ್ಲಾಟಿನಾಗ ಹೋಗ್ಬೇಕು.

ಖರೇ ಹೇಳ್ಬೇಕಂದ್ರ ಪ್ಲಾನ್ ಮಾತ್ರ ಭಾಳ ಸೀದಾ. ನಡುವ ದುಂಡು ಹಾಲ್, ಸುತ್ತ ಚೌಕ ಮನಿ. ದುಂಡುಕ್ಕೂ ಚೌಕಕ್ಕೂ ನಡುವ ಮೂಲಿಯೊಳಗ ಉಳಿಯೋ ಜಾಗಾದಾಗ ನಾಕು ಸಣ್ಣ ಮೆಟ್ಟಿಲ ಸೇರಿಸ್ಯಾನ, ಅಂದ್ರ ನಾವು ಪೈಪ್ ಇಳಿಸ್ಲಾಕ ಡಕ್ಟ್ ಅಂತ ಬಿಡೋ ಜಾಗಾನ ಅವ ಮೆಟ್ಟಿಲಕ್ಕ ಹಚ್ಚ್ಯಾನ, ಇದು ಗೌಂಡಿ ಬುದ್ಧಿ. ನಾಕು ಮೂಲಿಗಿ ಒಂದೊಂದು ದೊಡ್ಡ ಖೋಲಿ, ಅದಕ್ಕ ಹತ್ತಿ ಒಂದೊಂದು ಸಣ್ಣ ಖೋಲಿ. ನಾಕೂ ಕಡಿ ಆರಾರು ಕಂಬದ ಜಗಲಿ, ಒಟ್ಟು 24 ಕಂಬ, ನಾಕು ಅಗಲ ಮೆಟ್ಟಿಲ. ಖೋಲಿ ಅಳತಿಗೂ ಅವನದು ಲೆಕ್ಕ ಅದ. ದುಂಡು, ಚೌಕ, ಒಂದಕ್ಕ ಎರಡು, ಎರಡಕ್ಕ ಮೂರು, ಮೂರಕ್ಕ ನಾಕು, ಹಿಂಗ ಏಳು ಆಕಾರ ಚಂದ ಕಾಣ್ತಾವ ಅಂತ ಪುಸ್ತಕದಾಗ ಬರದಾನ. ನಮ್ಮ ಗಿರಾಕಿಗಳು ಬಂದು "ಬೆಡ್‌ರೂಮ್ 10-11 ಹಾಕ್ರಿ" ಅಂತಾರ, ಯಾಕ್ರಿ 11 ಅಂದ್ರ ಮಂಚದ ಆ ಕಡಿ ಕಪಾಟ ಬರ್ಬೇಕು ಅಂತಾರ. ಅದೂ ಒಂದು ಲೆಕ್ಕನೇ.

ಯಾಕ ನಾಕೂ ಕಡಿ ಜಗಲಿ? ಅವನೇ ಬರದಾನ, ಹತ್ತಲಾಕ ಸರಳ ಇರೋ ಸಣ್ಣ ಗುಡ್ಡ, ಒಂದು ಕಡಿ ದೋಣಿ ಹೋಗೋ ಬಾಕಿಲ್ಯೋನೆ ಹೊಳಿ, ಮಿಕ್ಕ ಕಡಿ ಸುತ್ತ ಗುಡ್ಡಗಳು ದೊಡ್ಡ ನಾಟಕ ಥೇಟರಿನಂಗ ಕೂತಾವ, ಹಣ್ಣಿನ ಗಿಡ, ದ್ರಾಕ್ಷಿ ಬಳ್ಳಿ, ಯಾವ ಕಡಿ ನೋಡಿದ್ರೂ ಚಂದ, ಅದಕ್ಕ ನಾಕೂ ಕಡಿ ಜಗಲಿ ಮಾಡೀನಿ ಅಂತ. ಸರಿ. ಸೇಡಂ ರೋಡ್ ಪ್ಲಾಟಿಂದ ಒಂದು ಕಡಿ ಟ್ರಾನ್ಸ್‌ಫಾರ್ಮರ್, ಒಂದು ಕಡಿ ಕಲ್ಯಾಣ ಮಂಟಪದ ಹಿಂದಿನ ಗ್ವಾಡಿ ಕಾಣ್ತದ.

ಇನ್ನ ದಿಕ್ಕಿನ ವಿಷಯ. ಈ ಮನಿ ಪೂರ್ವ ಪಶ್ಚಿಮಕ್ಕ ಸೀದಾ ಕೂತಿಲ್ಲ, 45 ಡಿಗ್ರಿ ತಿರುಗಿಸಿ ಮೂಲಿಗಳನ್ನ ದಿಕ್ಕಿಗಿ ಹಚ್ಚ್ಯಾರ, ಎಲ್ಲಾ ಖೋಲಿಗೂ ಒಂದಿಲ್ಲೊಂದು ಹೊತ್ತಿನಾಗ ಬಿಸಲು ಬರ್ಲಿ ಅಂತ. ನಮ್ಮ ಕಡಿ ಇದಕ್ಕ ವಿದಿಕ್ಕು ಅಂತಾರ, ವಿದಿಕ್ಕು ಪ್ಲಾಟ್ ಅಂದ್ರ ಅರ್ಧ ರೇಟಿಗೂ ತಗೊಳ್ಳೋವ್ರು ಇಲ್ಲ, ವಾಸ್ತು ನೋಡೋವ್ರಿಗಿ ತೋರಿಸಿದ್ರ ಕೈ ಮುಗದು ಹೊರಗಿಂದ ಹೊರಗ ಹೋಗ್ತಾರ. ಅಷ್ಟೇ ಅಲ್ಲ, ಬಿಸಲು ಒಳಗ ಬರ್ಲಿ ಅನ್ನೋದು ಆಲ್ಪ್ಸ್ ಗುಡ್ಡದ ತೆಳಗಿನ ಊರಿನ ಚಿಂತಿ. ನಮ್ಮ ಚಿಂತಿ ಬಿಸಲು ಹೊರಗೇ ಇರ್ಲಿ ಅಂತ.

ನಂಗ ಹೆಚ್ಚು ಮಜಾ ಅನಿಸಿದ್ದು ಕಂಬ. ಸಾವಕಾರ್ರಿಗಿ ಒಂದು ಲೆಕ್ಚರ್ ಕೊಡ್ಬೇಕು ಅಂತ ಮಾಡಿದ್ದೆ, "ನೋಡ್ರಿ ಅಲ್ಲಿದ್ದು ಅಸಲ್ ಕಲ್ಲಿನ ಕಂಬ, ನೀವು ಪಿಒಪಿ ಹಚ್ಚಿ ನಕಲ್ ಮಾಡಿದ್ರ ಹೆಂಗ" ಅಂತ. ಆಮ್ಯಾಲ ಓದಿದೆ, ಪಲ್ಲಾಡಿಯೊನ ಈ ಕಂಬಗಳು ಇಟ್ಟಂಗಿವೇ. ಇಟ್ಟಂಗಿ ದುಂಡಗ ಜೋಡಿಸಿ, ಮ್ಯಾಲ ಗಿಲಾವ ಹೊಡದು, ತೆಳಗಿನ ಪೀಠ ಮ್ಯಾಲಿನ ತಲಿ ಅಷ್ಟೇ ಕಲ್ಲಿಂದು. ಕಲ್ಲು ತುಟ್ಟಿ, ಇಟ್ಟಂಗಿ ಸೋವಿ. ಅಂದ್ರ 450 ವರ್ಷದಿಂದ ಜಗತ್ತೆಲ್ಲಾ ಹೋಗಿ ನೋಡಿ ವಾಹ್ ಅನ್ನೋ ಕಂಬಗಳ ಒಳಗ ನಮ್ಮ ಗೌಂಡಿ ಮಾಡೋ ಕೆಲಸಾನೇ ಅದ. ಲೆಕ್ಚರ್ ನುಂಗಿಕೊಂಡೆ. ನಮ್ಮ ಗೌಂಡಿಗಿ ಈ ಮಾತು ಹೇಳಿದ್ರ ಅವ ತಂಬಾಕ ಉಗುಳಿ "ಗಿಲಾವದಾಗೇ ಎಲ್ಲಾ ಇರ್ತದ್ರಿ ಸರ್" ಅಂದ.

ಇನ್ನೊಂದು, ಮನಿಗಿ ಗುಡಿ ಮುಖ ಯಾಕ? ಹಳೇ ರೋಮಿನ ಗುಡಿಗಳಿಗಿ ಇರೋ ಕಂಬ, ಮುಮ್ಮೂಲಿ ಹಣಿ ಮೊದಲಿಗಿ ಮನಿಗಳಿಗೇ ಇದ್ದವು, ಗುಡಿ ಅದನ್ನ ಮನಿಯಿಂದ ತಗೊಂಡದ ಅಂತ ಪಲ್ಲಾಡಿಯೊ ನಂಬಿದ್ದ. ಅದು ತಪ್ಪು ಊಹೆ. ತಪ್ಪಾದ್ರೂ ಆ ಊಹೆ ಮ್ಯಾಲೇ ಇಷ್ಟು ಮನಿ ಕಟ್ಟಿದ, ಆಮ್ಯಾಲ ಬ್ಯಾಂಕು, ಕೋರ್ಟು, ಕಾಲೇಜು ಎಲ್ಲಾದಕ್ಕೂ ಅದೇ ಮುಖ ಬಂತು. ನಮ್ಮಲ್ಲಿ ಯಾರರ ಮನಿ ಮ್ಯಾಲ ಶಿಖರ ಕಟ್ಟಿ ಕಳಸ ಇಟ್ರ ಊರಾಗಿನ ಹಿರೇರು ಸುಮ್ನ ಇರ್ತಾರೇನ್ರಿ?

ಗುಮ್ಮಟ ಮುಗಿಯೋಕಿನ್ನ ಮೊದಲೇ 1580ಕ್ಕ ಪಲ್ಲಾಡಿಯೊ ತೀರಿಕೊಂಡ. ಕೆಲಸ ಮುಗಿಸಿದಾವ ವಿಂಚೆಂಜೊ ಸ್ಕಾಮೋಜಿ. ಪುಸ್ತಕದಾಗ ಪಲ್ಲಾಡಿಯೊ ಬರದ ಗುಮ್ಮಟ ಅರ್ಧ ಚೆಂಡಿನಂಗ ಎತ್ತರ ಅದ, ಸ್ಕಾಮೋಜಿ ಅದನ್ನ ತಗ್ಗಿಸಿ, ರೋಮಿನ ಪ್ಯಾಂಥಿಯನ್ ಗುಡಿ ನೋಡಿ, ನೆತ್ತಿ ಮ್ಯಾಲ ಒಂದು ದುಂಡು ಕಿಂಡಿ ಬಿಟ್ಟ. ಆ ಕಿಂಡಿ ಮುಗಲಿಗಿ ತೆರದೇ ಇರ್ಬೇಕು ಅನ್ನೋದು ಮೊದಲಿನ ವಿಚಾರ, ಈಗ ಮುಚ್ಯಾರ. ತೆರದಿಟ್ರ ಮಳಿ ಬಂದಾಗ? ಹಾಲಿನ ನೆಲದ ನಡಬರಕ ಕಲ್ಲಿನೊಳಗ ಕೆತ್ತಿದ ಒಂದು ಮುಖ ಅದ, ಅರ್ಧ ಮನಷ್ಯಾ ಅರ್ಧ ಆಡಿನ ಹಳೇ ದೇವರ ಮುಖ, ಅದರ ತೂತಿನಿಂದ ನೀರು ತೆಳಗ ಇಳೀಬೇಕು.

ಇದನ್ನ ಓದಿದ ಕೂಡ್ಲೇ ನಂಗ ನಮ್ಮ ಮುತ್ಯಾನ ವಾಡೆ ನೆನಪಾಯ್ತು. ಆಳಂದ ತಾಲೂಕಿನಾಗ ನಮ್ಮ ಊರು. ವಾಡೆ ಅಂದ್ರ ದೇಸಾಯರದಲ್ಲ, ಊರಾಗ ನಾಕು ಎತ್ತು ಹೆಚ್ಚಿದ್ದಾವರ ಮನಿ ಅಷ್ಟೇ, ಆದ್ರ ಗ್ವಾಡಿ ಮೂರು ಮೊಳ ದಪ್ಪ, ಮ್ಯಾಲ ಮಣ್ಣಿನ ಮಾಳಗಿ. ಅಡಗಿ ಮನಿ ಮ್ಯಾಲ ಬೆಳಕಿಂಡಿ ಇತ್ತು, ಅದರ ಬಾಯಿಗಿ ಒಂದು ತಳ ಒಡದ ಗಡಗಿ ಬೋರಲ ಇಟ್ಟಿದ್ರು. ಮಧ್ಯಾಹ್ನ ಅದರಿಂದ ಒಂದು ಬಿಸಲಿನ ಕೋಲು ಒಲಿ ಮುಂದ ಬೀಳ್ತಿತ್ತು, ಹೊಗಿ ಅದರೊಳಗ ಸುತ್ತಕೊಂತ ಮ್ಯಾಲ ಹೋಗ್ತಿತ್ತು, ನಮ್ಮ ಆಯಿ ಆ ಬಿಸಲು ಯಾವ ಫರ್ಸಿ ಮ್ಯಾಲ ಬಂದದ ನೋಡಿ ರೊಟ್ಟಿ ಬಡಿಲಾಕ ಕೂಡ್ತಿದ್ಲು. ಗಡಿಯಾರ ಬ್ಯಾಡ. ಮಳಿ ಬಂತು ಅಂದ್ರ ಯಾರರ ಒಬ್ಬ ಹುಡುಗ ಮಾಳಗಿ ಹತ್ತಿ ಫರ್ಸಿ ಮುಚ್ಚಿ ಬರ್ಬೇಕು, ಅದು ನನ್ನ ಕೆಲಸ ಆಗಿತ್ತು. ದೇವರ ಮುಖದ ತೂತು ನಮಗಿರ್ಲಿಲ್ಲ.

ಈಗ ಅಸಲ್ ಮಾತಿಗಿ ಬರ್ತೀನಿ. ಸಾವಕಾರ್ರು ತೋರಿಸಿದ ಈ ವಿಲ್ಲಾ, ಪಲ್ಲಾಡಿಯೊನ ಲೆಕ್ಕದಾಗ ವಿಲ್ಲಾನೇ ಅಲ್ಲ! ಪುಸ್ತಕದಾಗ ಅವ ಇದನ್ನ ಊರೊಳಗಿನ ಬಂಗ್ಲೆಗಳ ಜೋಡಿ ಸೇರಿಸ್ಯಾನ, ಊರಿಗಿ ಅಷ್ಟು ಹತ್ತಿರ ಅದ ಅಂತ. ವಿಲ್ಲಾ ಅಂದ್ರ ಅವನಿಗಿ ಒಕ್ಕಲುತನದ ಮನಿ. ಹೊಲ, ಕಣ, ಕಣಜ, ದನ, ಆಳು, ಇವೆಲ್ಲಾ ಇದ್ರ ಅದು ವಿಲ್ಲಾ.

ಇದರ ಹಿಂದ ಒಂದು ಕಥಿ ಅದ, ಅದಕ್ಕೂ ನಮ್ಮ ನಾಡಿಗೂ ಸಂಬಂಧ ಅದ. ವೆನಿಸ್ಸಿನ ಸಾವಕಾರ್ರು ನೂರಾರು ವರ್ಷ ಸಮುದ್ರದ ವ್ಯಾಪಾರ ಮಾಡಿ ಶ್ರೀಮಂತರಾದವ್ರು, ಮುಖ್ಯ ಮಾಲು ನಮ್ಮ ಪಶ್ಚಿಮ ಕರಾವಳಿ ಮೆಣಸು, ಮಸಾಲಿ. 1498ಕ್ಕ ವಾಸ್ಕೊ ಡ ಗಾಮ ಸೀದಾ ಸಮುದ್ರದ ಹಾದಿ ಹಿಡದು ಕ್ಯಾಲಿಕಟ್ಟಿಗಿ ಬಂದ, ಆ ವ್ಯಾಪಾರಕ್ಕ ಪೋರ್ಚುಗೀಸರ ಪೈಪೋಟಿ ಹತ್ತಿತು. 1509ಕ್ಕ ಯುರೋಪಿನ ದೊಡ್ಡ ರಾಜರು ಕೆಲವರು ಕೂಡಿ ವೆನಿಸ್ಸಿನ ಮ್ಯಾಲ ಬಿದ್ರು. ಸಮುದ್ರ ಒಂದೇ ನಂಬಿದ್ರ ಆಗಂಗಿಲ್ಲ ಅಂತ ಸಾವಕಾರ್ರು ಒಳನಾಡಿನ ಹೊಲದಾಗ ರೊಕ್ಕ ಹಾಕ್ಲಾಕ ಸುರು ಮಾಡಿದ್ರು, ಜೌಗು ನೀರು ಬಸಿದು ಹೊಲ ಮಾಡಿದ್ರು, ಬೀಳು ಭೂಮಿ ಸಾಗುವಳಿಗಿ ತರ್ಲಾಕಂತ 1556ಕ್ಕ ಸರ್ಕಾರ ಒಂದು ಬ್ಯಾರೇ ಇಲಾಖೆನೇ ಮಾಡ್ತು. ಹೊಲ ಆದ ಮ್ಯಾಲ ಅಲ್ಲಿ ನಿಂತು ನೋಡ್ಲಾಕ ಮನಿ ಬೇಕು, ಆದ್ರ ಮನಿ ನೋಡಿದ್ರ ಮಾಲಕ ವೆನಿಸ್ಸಿನ ದೊಡ್ಡ ಮನಷ್ಯಾ ಅಂತ ಗೊತ್ತಾಗ್ಬೇಕು, ಖರ್ಚು ಮಾತ್ರ ಕಡಿಮಿ ಆಗ್ಬೇಕು. ಇಟ್ಟಂಗಿ ಗಿಲಾವದ ಕಂಬ ಹುಟ್ಟಿದ್ದು ಹಿಂಗ.

ಫಾನ್ಜೊಲೊ ಅನ್ನೋ ಹಳ್ಳಿಯೊಳಗ ವಿಲ್ಲಾ ಎಮೊ ಅಂತ ಒಂದದ, ಅದು ನೋಡಿದ್ರ ನಿಮಗ ತಿಳೀತದ. ನಡುವ ಮಾಲಕನ ಮನಿ, ಕಂಬಗಳಿರೋ ಜಗಲಿ ಒಂದೇ ಕಡಿ, ಎಡಕ್ಕ ಬಲಕ್ಕ ಉದ್ದಕ ಕಮಾನಿನ ಪಡಸಾಲಿ. ಬಾರ್ಕೆಸ್ಸಾ ಅಂತಾರ ಅದಕ್ಕ, ಬಂಡಿ, ಕೂರಿಗಿ, ಹೊಟ್ಟು, ಕಾಳು ಎಲ್ಲಾ ಅದರ ತೆಳಗ. ಎರಡೂ ತುದಿಗಿ ಪಾರಿವಾಳದ ಗೂಡಿನ ಗೋಪುರ. ಜಗಲಿಗಿ ಮೆಟ್ಟಿಲ ಇಲ್ಲ, ಅಗಲವಾದ ಕಲ್ಲಿನ ಇಳಿಜಾರು ಅದ, ನಂಗಂತೂ ಫೋಟೋ ನೋಡಿದ ಕೂಡ್ಲೇ ಅದರ ಮ್ಯಾಲ ತೊಗರಿ ಒಣ ಹಾಕಬಹುದಲ್ಲ ಅನಿಸ್ತು.

ಪುಸ್ತಕದಾಗ ಒಕ್ಕಲುತನದ ಮನಿ ಹೆಂಗಿರ್ಬೇಕು ಅಂತ ಒಂದು ಅಧ್ಯಾಯನೇ ಅದ, ಅದನ್ನ ಬರದಾವ ಆರ್ಕಿಟೆಕ್ಟ್ ಅಲ್ಲ, ನಮ್ಮ ಊರ ಗೌಡ ಅನಸ್ತದ. ಕಣ ಬಿಸಲಿಗಿ ಇರ್ಬೇಕು, ನಡಬರಕ ಜರಾ ಉಬ್ಬಿರ್ಬೇಕು, ಸುತ್ತ ಮಾಡಿನ ತೆಳಗ ಜಾಗಾ ಇರ್ಬೇಕು, ಒಮ್ಮಿಗೇಲೇ ಮಳಿ ಬಂದ್ರ ಕಾಳು ಒಳಗ ಎಳಿಲಾಕ. ಮಾಲಕನ ಮನಿಗಿ ಭಾಳ ಹತ್ತಿರ ಇರಬಾರದು, ಧೂಳು ಬರ್ತದ, ಕಣ್ಣಿಗಿ ಕಾಣದಷ್ಟು ದೂರನೂ ಇರಬಾರದು. ಯಾಕಂತ ಅವ ಬಿಡಿಸಿ ಹೇಳೋದೇ ಬ್ಯಾಡ, ರಾಶಿ ಟೈಮಿನಾಗ ಮುತ್ಯಾ ಕಣದಾಗೇ ಮಲಗ್ತಿದ್ದ. ಕಣಜ ಉತ್ತರಕ್ಕ ಇರ್ಬೇಕು, ಕಾಳು ಕಾಯಬಾರದು. ದನದ ಕೊಟ್ಟಗಿ ಮಾಲಕನ ಮನಿಯಿಂದ ದೂರ ಇರ್ಬೇಕು, ಸಗಣಿ ವಾಸನಿ. ಈ ಒಂದು ಮಾತಿಗಿ ನಮ್ಮ ಮುತ್ಯಾ ಒಪ್ಪಂಗಿಲ್ಲ, ನಮ್ಮ ವಾಡೆದಾಗ ದಿಡ್ಡಿ ಬಾಗಿಲು ದಾಟಿದ ಕೂಡ್ಲೇ ಎತ್ತು, ಅವನ್ನ ದಾಟಿ ಒಂದು ಕಟ್ಟಿ ಹತ್ತಿದ್ರ ಪಡಸಾಲಿ. ಎತ್ತು ಹೊರಗಿಟ್ರ ಬೆಳಗಾಗೋದ್ರೊಳಗ ಎತ್ತು ಇರ್ತಿರ್ಲಿಲ್ಲ. ಜೋಳಕ್ಕ ನಮಗ ಹಗೇವು, ನೆಲದೊಳಗ, ಬಾಯಿ ಮುಚ್ಚಿ ಮಣ್ಣ ಹಾಕಿದ್ರ ಯಾವ ದಿಕ್ಕಿನ ಚಿಂತಿನೂ ಇಲ್ಲ.

ನಡುವ ಒಂದು ಐತವಾರ ಬೀದರಕ್ಕ ಹೋಗಿದ್ದೆ, ಸಂಬಂಧಿಕರ ಮದವಿ. ಊಟ ಆದ ಮ್ಯಾಲ ಉದಗೀರ ರೋಡಿನ ಬರೀದಶಾಹಿ ಗುಮ್ಮಟಗಳ (ಬೀದರ ಆಳಿದ ಸುಲ್ತಾನರ ಗೋರಿಗಳ) ಕಡಿ ಸುಮ್ನ ಹೋದೆ. ಅಲಿ ಬರೀದನ ಗುಮ್ಮಟ ಮೊದಲೂ ಹತ್ತು ಸರ್ತಿ ನೋಡೀನಿ, ಆದ್ರ ಈ ಸರ್ತಿ ಕಣ್ಣು ಬ್ಯಾರೇ ಇತ್ತು. ಚೌಕ ಕಟ್ಟಡ, ಮ್ಯಾಲ ಭಾರಿ ಗುಮ್ಮಟ, ನಾಕೂ ಕಡಿ ಒಂದೇ ನಮೂನಿ ಎತ್ತರದ ಕಮಾನು, ಒಂದಕ್ಕೂ ಬಾಗಿಲಿಲ್ಲ. ಸುತ್ತ ತೋಟ. ಮುಂಭಾಗ ಯಾವ್ದು? ನಮ್ಮ ಡ್ರಾಯಿಂಗ್ ಸರ್ ಧ್ವನಿ ಕಿವಿಯಾಗ ಬಂತು. ಇದು ಕಟ್ಟಿದ್ದು 1577ರ ಸುಮಾರು, ಅಲಿ ಬರೀದ ತಾ ಬದುಕಿದ್ದಾಗೇ ಕಟ್ಟಿಸಿದ್ದು, ಅಲ್ಲಿ ವಿಚೆಂಜಾದಾಗ ರೊಟೊಂಡದ ಕೆಲಸ ಇನ್ನಾ ಮುಗದಿರ್ಲಿಲ್ಲ. ಅಲಿ ಬರೀದ ತೀರಿದ್ದೂ 1580, ಪಲ್ಲಾಡಿಯೊ ತೀರಿದ್ದೂ 1580. ಒಬ್ಬರಿಗೊಬ್ಬರ ಹೆಸರು ಸುದ್ದಾ ಗೊತ್ತಿರ್ಲಿಲ್ಲ. ಒಳಗ ಕರೀ ಕಲ್ಲಿನ ಗೋರಿ, ಗ್ವಾಡಿ ಮ್ಯಾಲ ಅಲ್ಲಲ್ಲಿ ಉಳದ ಬಣ್ಣದ ಹೆಂಚು, ಅದರಾಗ ಪಾರ್ಸಿ ಅಕ್ಷರ. ಹೊರಗ ಬೆಂಕಿ ಬಿಸಲು, ಒಳಗ ನಾಕೂ ಕಡಿಯಿಂದ ಗಾಳಿ, ಮೂಲಿಗಿ ಒಬ್ಬ ಅಜ್ಜ ಟವೆಲ್ ಹಾಸಿ ಗೊರಕಿ ಹೊಡೀಲಾಕತ್ತಿದ್ದ. ನಾಕೂ ಕಡಿ ಬಯಲಿದ್ರ ನಮ್ಮ ಬಿಸಲಾಗ ಹಿಂಗ ಇರ್ಬೇಕು, ಗ್ಲಾಸ್ ಹಾಕಿ ಎಸಿ ಹಚ್ಚೋದಲ್ಲ ಅಂತ ಅನಿಸ್ತು, ಆದ್ರ ಗೋರಿಯಾಗ ಇರೋವ್ರಿಗಿ ಧೂಳಿಂದು, ಕಳ್ಳರದು ಚಿಂತಿ ಇರಂಗಿಲ್ಲ, ಅದು ಬ್ಯಾರೇ ಮಾತು.

ರೊಟೊಂಡ ನಕಲ್ ಮಾಡಿದವ್ರಾಗ ನಮ್ಮ ಸಾವಕಾರ್ರು ಮೊದಲಿನವ್ರಲ್ಲ. 1720ರ ದಶಕದಾಗ ಇಂಗ್ಲೆಂಡಿನ ಕೆಂಟ್ ಕಡಿ ಮಿಯರ್‌ವರ್ತ್ ಅಂತ ಒಂದು ಮನಿ ಕಟ್ಟಿದ್ರು, ಹೆಚ್ಚು ಕಡಿಮಿ ಇದರ ಕಾಪಿನೇ. ಅಲ್ಲಿ ಥಂಡಿ, ಖೋಲಿಗೊಂದು ಬೆಂಕಿ ಗೂಡು ಬೇಕು, ಗೂಡಿಗಿ ಚಿಮಣಿ ಬೇಕು, ಚಿಮಣಿ ಮ್ಯಾಲ ಎದ್ರ ಚಂದ ಹಾಳು. ಅದಕ್ಕ ಹೊಗಿ ಎಲ್ಲಾ ಗುಮ್ಮಟದ ಒಳಗಿಂದ ಒಯ್ದು ನೆತ್ತಿಯಿಂದ ಬಿಟ್ರು. ಅಂದ್ರ ಪಾದ್ರಿ ಮನಿಯಾಗ ಮಳಿ ಇಳಿಯೋ ಕಿಂಡಿ, ಇಂಗ್ಲೆಂಡಿಗಿ ಹೋಗಿ ಹೊಗಿ ಬಿಡೋ ಕಿಂಡಿ ಆಯ್ತು. ಆಯಿ ಬೆಳಕಿಂಡಿ ಎರಡೂ ಕೆಲಸ ಮಾಡ್ತಿತ್ತು ಅನ್ರಿ.

ಹೋದ ವಾರ ಸಾವಕಾರ್ರ ಮನಿಗೇ ಲ್ಯಾಪ್‌ಟಾಪ್ ತಗೊಂಡು ಹೋದೆ. ಅವ್ರ ಅವ್ವನೂ ಬಂದು ಬಾಜೂಕ ಕೂತ್ರು, ಎಂಬತ್ತರ ಮ್ಯಾಲ ವಯಸ್ಸು, ಕಣ್ಣು ಚೊಲೋ ಅವ. ನಾ ಮೊದಲು ರೊಟೊಂಡದ ಪ್ಲಾನೇ ತೋರಿಸಿದೆ, ಹಿಂಗದ ನೋಡ್ರಿ ನೀವು ಕೇಳಿದ್ದು ಅಂತ. ಆಯಿ ಭಾಳ ಹೊತ್ತು ನೋಡಿದ್ರು.

"ಯಪ್ಪಾ, ಹಿತ್ತಲ ಬಾಗಿಲು ಯಾವ ಕಡಿ ಅದ?"

"ಇದಕ್ಕ ಹಿತ್ತಲ ಇಲ್ಲ ಆಯಿ, ನಾಕೂ ಕಡಿ ಮುಂಭಾಗನೇ."

"ಹಂಗಾದ್ರ ಮುಸುರಿ ಎಲ್ಲಿ ತಿಕ್ಕಬೇಕು? ಅರಬಿ ಎಲ್ಲಿ ಒಣ ಹಾಕಬೇಕು? ಮುಂದಿನ ಬಾಗಲ್ದಾಗೇನು?"

ನಾ ಇದ್ದಿದ್ದು ಹೇಳಿದೆ, ಅಲ್ಲಿ ಅಡಗಿ, ಆಳು, ಸಾಮಾನು ಎಲ್ಲಾ ತೆಳಗಿನ ಗಿಡ್ಡ ಅಂತಸ್ತಿನಾಗ ಇರ್ತಿತ್ತು, ಮಾಲಕರು ಮ್ಯಾಲ, ಆಳುಗಳು ಆ ಮೂಲಿ ಸಣ್ಣ ಮೆಟ್ಟಿಲದಿಂದ ಹತ್ತಿ ಇಳದು ಮಾಡ್ತಿದ್ರು ಅಂತ. ಆಯಿ ಮಗನ ಮಾರಿ ನೋಡಿದ್ರು. "ಅಂದ್ರ ಆ ಮನ್ಯಾಗ ನಾ ತೆಳಗ ಇರ್ಬೇಕೇನೋ?"

ಸಾವಕಾರ್ರು ಕೆಮ್ಮಿದ್ರು, ಸೊಸಿ ಚಹಾ ತರ್ತೀನಿ ಅಂತ ಒಳಗ ಹೋದ್ಲು.

ಈಗ ಪ್ಲಾನ್ ಹಿಂಗದ: ಮುಂದ ನಾಕು ಕಂಬ, ಇಟ್ಟಂಗಿವು, ಗಿಲಾವ ಹೊಡದು. ಕಂಬದ ಹಿಂದ ಪಡಸಾಲಿ, ನೆಲಕ್ಕ ಶಹಾಬಾದ್ ಫರ್ಸಿ, ಎರಡು ತೊಗರಿ ಚೀಲದ ಥಪ್ಪಿ ಹಿಡಿಯೋವಷ್ಟು ಜಾಗಾ, ಯಾಕಂದ್ರ ಗಂಜಿನ ಗೋದಾಮು ತುಂಬಿದ್ರ ಮಾಲು ಮನಿಗೇ ಬರ್ತದ. ಹಿಂದ ಏಳು ಅಡಿ ಹಿತ್ತಲ, ಮುಸುರಿ ಕಟ್ಟಿ, ಅರಬಿ ಹಗ್ಗ, ಒಂದು ಕರಿಬೇವಿನ ಗಿಡ. ಅಡಗಿ ಮನಿ ಮ್ಯಾಲ ಬೆಳಕಿಗಿ ಒಂದು ಕಿಂಡಿ ಬಿಟ್ಟೀನಿ, ಆಯಿ ಕೇಳಿದ್ದಲ್ಲ, ನಾನೇ ಬಿಟ್ಟಿದ್ದು. ಸಾವಕಾರ್ರು ಎಲ್ಲಾದಕ್ಕೂ ಹೂಂ ಅಂದಾರ, ಗುಮ್ಮಟ ಒಂದು ಮಾತ್ರ ಬಿಡ್ಲಾಕ ತಯಾರಿಲ್ಲ, ಸಣ್ಣದರ ಇರ್ಲಿ ಅಂತಾರ, ನೀರಿನ ಟ್ಯಾಂಕಿ ಅದರೊಳಗ ಮುಚ್ಚಿ ಹೋಗ್ತದ ಅಂತ ಐಡಿಯಾನೂ ಅವರೇ ಕೊಟ್ಟಾರ. ಸೆಂಟ್ರಿಂಗ್‌ನವರಿಗಿ ಕೇಳೀನಿ, ದುಂಡು ಕೆಲಸ ಸರ್, ನೋಡಿ ಹೇಳ್ತೀವಿ ಅಂದಾರ, ರೇಟ್ ಇನ್ನಾ ಬಂದಿಲ್ಲ.